ಊರ ಕಾವಲು

ನಮ್ಮ ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸುತ್ತಿನಲ್ಲಿ ಊರೆಂದರೆ ಬಯಲುಸೀಮೆಯ ಊರಿನಂತೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಗುಡ್ಡದ ಓರೆಯಲ್ಲೊಂದು ಮನೆ; ಅದರ ಕೆಳಗೆ ಅಡಿಕೆಯ ತೋಟ, ತೋಟದ ಕೆಳಗೆ ಗದ್ದೆ; ಕೂಗಿದರೆ ಕೇಳಿಸಬಹುದಾದಷ್ಟು ದೂರದಲ್ಲಿ ಮತ್ತೊಂದು ಮನೆ. ಇಂತಹ ಕಡೆ ಕಾವಲೆಂಬುದು ಅವರವರ ಮನೆಯವರ ಪಾಲಿಗೇ ಸೇರಿದ್ದು. ನಾನು ಹುಡುಗನಾಗಿದ್ದಾಗ ಅಡಿಕೆಯ ಕೊಯ್ಲಿನ ತಿಂಗಳುಗಳಲ್ಲಿ ಒಣಹಾಕಿದ ಅಡಿಕೆಯ ಪಕ್ಕದಲ್ಲಿ ಕಂದೀಲು ಹಚ್ಚಿಟ್ಟುಕೊಂಡು, ಕಂಬಳಿ ಹೊದ್ದು, ಮನೆಯವರೊಬ್ಬರು ಮಲಗುವುದು ವಾಡಿಕೆಯಾಗಿತ್ತು. ಆಗೊಮ್ಮೆ ಈಗೊಮ್ಮೆ ಠಾಣೆಯಿಂದ ಪೊಲೀಸಿನವನೊಬ್ಬ ಕಾಲುನಡಿಗೆಯಲ್ಲಿ ಬಂದು, ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು, ತಾನು ಬಂದಿದ್ದುದಕ್ಕೆ ಗುರುತಾಗಿ ಪುಸ್ತಕದಲ್ಲಿ ರುಜು ಹಾಕಿಸಿಕೊಂಡು ಹೋಗುತ್ತಿದ್ದನು.

ಒಂದು ವರ್ಷ ನಮ್ಮ ಮನೆಯಿಂದ ಎರಡು ಮೂಟೆ ಅಡಿಕೆ ಕಳುವಾಯಿತು. ಬೆಳಗ್ಗೆ ನೋಡಿದರೆ ತೋಟದ ಹಸಿ ಮಣ್ಣಿನಲ್ಲಿ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದವು. ಅವು ಹಳ್ಳವನ್ನು ದಾಟಿ ಆಚೆಯ ಗುಡ್ಡವನ್ನು ಏರಿದ್ದವು. ತಂದೆಯವರು ಠಾಣೆಗೆ ಹೋಗಿ ದೂರು ಹೇಳಿದರು. "ಹಳ್ಳದ ಆಚೆ ದಡ ನಮ್ಮ ಸರಹದ್ದಿಗೆ ಸೇರಿಲ್ಲ, ಅಲ್ಲಿಯ ಠಾಣೆಗೆ ಹೋಗಿ" ಎಂದರು. ಅಲ್ಲಿಗೆ ಹೋದರೆ, "ಕಳವು ನಡೆದದ್ದು ಈಚೆ ದಡದಲ್ಲಿ, ದೂರನ್ನು ಅಲ್ಲಿಯೇ ಕೊಡಬೇಕು" ಎಂದರು. ನಾಲ್ಕಾರು ದಿನಗಳು ಹೀಗೆಯೇ ಕಳೆದವು. ಅಷ್ಟರಲ್ಲಿ ಮಳೆ ಬಂದು ಹೆಜ್ಜೆ ಅಳಿಸಿಹೋಯಿತು. ಅಡಿಕೆ ಹೋದುದಕ್ಕಿಂತಲೂ ಎರಡು ಠಾಣೆಗಳ ನಡುವಣ ಆ ಅಲೆದಾಟವೇ ತಂದೆಯವರನ್ನು ಹೆಚ್ಚು ನೋಯಿಸಿತು. ನಮ್ಮ ತೋಟದಲ್ಲಿ ದುಡಿಯುತ್ತಿದ್ದ, ಬಯಲುಸೀಮೆಯಿಂದ ಬಂದಿದ್ದ ಮುದುಕನೊಬ್ಬ, "ಅಯ್ಯಾ, ಹಿಂದೆ ತಳವಾರ ಇದ್ದ ಕಾಲದಲ್ಲಾಗಿದ್ದರೆ, ಹೆಜ್ಜೆ ಯಾವ ಊರಿಗೆ ಹೊಕ್ಕಿತೋ ಆ ಊರಿನವರೇ ತೆರಬೇಕಾಗಿತ್ತು" ಎಂದು ಹೇಳಿದ್ದು ನನ್ನ ಕಿವಿಯಲ್ಲಿ ಉಳಿದುಕೊಂಡಿತು. ಹಾಗಾದರೆ ತಳವಾರ ಹೋಗಿ ಪೊಲೀಸು ಬಂದದ್ದು ಯಾವಾಗ? ಯಾಕೆ? ನಮ್ಮ ಪೊಲೀಸು ಇಲಾಖೆಯ ಹುಟ್ಟಿನ ಕಥೆಯನ್ನು, ಅದರಲ್ಲಿಯೂ ಬೆಂಗಳೂರಿನಂತಹ ಬೆಳೆಯುತ್ತಿದ್ದ ನಗರದ ಪೊಲೀಸಿನ ಕಥೆಯನ್ನು, ನಾನು ಓದತೊಡಗಿದ್ದು ಆ ಮುದುಕನ ಮಾತಿನಿಂದ.

ಕಾವಲಿನ ಇತಿಹಾಸಕ್ಕೆ ನಮ್ಮಲ್ಲಿ ಕಲ್ಲಿನ ಸಾಕ್ಷಿಗಳೇ ಇವೆ. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಎಷ್ಟೋ ಕಲ್ಲುಗಳು ರಾಜರ ದಂಡಯಾತ್ರೆಗೆ ಸಂಬಂಧಿಸಿದವಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋರಾಡಿ ಮಡಿದವನ ಕಲ್ಲು, ಹೆಂಗಸರ ಮಾನಕ್ಕೆ ಕೇಡು ಬಂದಾಗ ಅಡ್ಡ ನಿಂತು ಸತ್ತವನ ಕಲ್ಲು, ಊರನ್ನು ಸುಲಿಯಲು ಬಂದವರೊಡನೆ ಕಾದಾಡಿ ಬಿದ್ದವನ ಕಲ್ಲು. ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಶಾಸನದ ಮಾತುಗಳು ಇವನ್ನೇ ಹೇಳುತ್ತವೆ. ಸತ್ತವನ ಮನೆಯವರಿಗೆ ಜೀವನಕ್ಕೆಂದು ಬಿಟ್ಟುಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಕರ್ತವ್ಯದಲ್ಲಿ ಮಡಿದವನ ಕುಟುಂಬವನ್ನು ಸಮಾಜ ನೋಡಿಕೊಳ್ಳಬೇಕೆಂಬ ವಿಚಾರ ನಮಗೆ ಹೊಸದಲ್ಲವೆಂಬುದಕ್ಕೆ ಈ ಒಂದು ಪದವೇ ಸಾಕು.

ಆದರೆ ವೀರಗಲ್ಲಿನ ವೀರ ಆಪತ್ತಿನ ಹೊತ್ತಿಗೆ ಎದ್ದುನಿಂತವನು. ದಿನದಿನದ ಕಾವಲಿಗೆ ನೇಮಕವಾಗಿದ್ದವನು ತಳವಾರ. ಹಳೆಯ ಶಾಸನಗಳಲ್ಲಿ ಇವನು ತಳಾರನೆಂದು ಕಾಣಿಸಿಕೊಳ್ಳುತ್ತಾನೆ. ಗೌಡ, ಶ್ಯಾನುಭೋಗ, ತೋಟಿ, ನೀರುಗಂಟಿ ಮೊದಲಾದ ಆಯಗಾರರ ಸಾಲಿನಲ್ಲಿ ಇವನಿಗೂ ಒಂದು ಸ್ಥಾನವಿತ್ತು. ರಾತ್ರಿ ಊರು ಸುತ್ತುವುದು, ಹೊಸಬರ ಮೇಲೆ ಕಣ್ಣಿಡುವುದು, ಕಳವಾದರೆ ಹೆಜ್ಜೆಯ ಜಾಡು ಹಿಡಿಯುವುದು ಇವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದು ರೈತರಿಂದ ಪಡೆಯುತ್ತಿದ್ದ ಕಾಳು, ಮತ್ತು ಇನಾಮಾಗಿ ಬಿಟ್ಟ ತುಂಡು ಭೂಮಿ ಇವನ ಸಂಬಳ. ಹೆಜ್ಜೆ ಊರಿನ ಎಲ್ಲೆಯನ್ನು ದಾಟಿತೆಂದರೆ ಮುಂದಿನ ಊರಿನ ತಳವಾರನಿಗೆ ಅದನ್ನು ತೋರಿಸಿಕೊಡಬೇಕು. ಅಲ್ಲಿಂದ ಮುಂದೆ ಅವನ ಹೊಣೆ. ಹೆಜ್ಜೆ ಎಲ್ಲಿ ನಿಂತಿತೋ ಅಲ್ಲಿಯವರು ಕಳ್ಳನನ್ನು ಒಪ್ಪಿಸಬೇಕು, ಇಲ್ಲವೆ ನಷ್ಟ ತುಂಬಿಕೊಡಬೇಕು. ಈ ನಿಯಮ ನಮ್ಮ ಸ್ಮೃತಿಗಳಲ್ಲಿಯೂ ಇದೆ. ನಮ್ಮ ತೋಟದ ಮುದುಕ ಹೇಳಿದ್ದು ಕಟ್ಟುಕಥೆಯಾಗಿರಲಿಲ್ಲ.

ಈ ವ್ಯವಸ್ಥೆಯನ್ನು ಹೊಗಳಿಬಿಡುವುದು ಸುಲಭ. ಆದರೆ ತಳವಾರ ಸಾಮಾನ್ಯವಾಗಿ ಬಡವ. ಊರಿನ ಬಲ್ಲಿದರಿಗೆ ಎದುರಾಡಲಾರದವ. ಕಳವಾದ ಮಾಲಿನ ಬೆಲೆಯನ್ನು ಅವನಿಂದ ಕಟ್ಟಿಸಿದರೆ ಅವನ ಮನೆಯೇ ಮುಳುಗಬೇಕು. ಬಲ್ಲಿದನೇ ಕಳ್ಳನಾದರೆ ಅವನನ್ನು ಹಿಡಿಯುವವರಾರು? ಅಲ್ಲದೆ ಈ ಏರ್ಪಾಡು ನಡೆಯುವುದು ಎಲ್ಲರ ಗುರುತೂ ಎಲ್ಲರಿಗೂ ಇರುವ ಚಿಕ್ಕ ಊರಿನಲ್ಲಿ ಮಾತ್ರ. ಸಾವಿರಾರು ಜನ ದಿನವೂ ನಡೆದಾಡುವ ಪೇಟೆಯ ಬೀದಿಯಲ್ಲಿ ಯಾರ ಹೆಜ್ಜೆಯನ್ನು ಗುರುತಿಸುವುದು?

ನಗರದ ಕಾವಲು ಬೇರೆಯದೇ ವಿದ್ಯೆಯೆಂಬುದನ್ನು ನಮ್ಮ ಹಿರಿಯರೂ ಅರಿತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಕ್ಕೆ ನಾಗರಿಕನೆಂಬ ಅಧಿಕಾರಿ. ಅವನ ಕೈಕೆಳಗೆ ಸ್ಥಾನಿಕರು. ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳಿಗೊಬ್ಬನಂತೆ ಗೋಪರು. ಛತ್ರಗಳಲ್ಲಿ ತಂಗಿದ ಪರಸ್ಥಳದವರ ವಿವರ ಇವರಿಗೆ ತಿಳಿಯಬೇಕು. ರಾತ್ರಿ ಗೊತ್ತಾದ ಹೊತ್ತಿನಲ್ಲಿ ವಾದ್ಯ ಮೊಳಗಿದ ಮೇಲೆ ಕಾರಣವಿಲ್ಲದೆ ಯಾರೂ ಬೀದಿಯಲ್ಲಿ ಸುಳಿಯಬಾರದು. 1443ರಲ್ಲಿ ವಿಜಯನಗರವನ್ನು ಕಂಡ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಆ ನಗರದ ಕಾವಲಿಗೆ ಹನ್ನೆರಡು ಸಾವಿರ ಮಂದಿ ಇದ್ದರೆಂದು ಬರೆದಿದ್ದಾನೆ. ಸಂಖ್ಯೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಪ್ರವಾಸಿಗರಿಗೆ ಆ ಚಾಳಿ ಉಂಟು. ಆದರೆ ನಗರ ದೊಡ್ಡದಾದಂತೆ ಕಾವಲಿನವರಿಗೆ ಬೊಕ್ಕಸದಿಂದಲೇ ಸಂಬಳ ಕೊಡಬೇಕಾಯಿತೆಂಬುದು ಅವನ ಬರಹದಿಂದ ತಿಳಿಯುತ್ತದೆ. ಪೊಲೀಸು ಎಂಬ ಮಾತಿನ ಮೂಲವೂ ನಗರವೇ. ಗ್ರೀಕ್ ಭಾಷೆಯಲ್ಲಿ 'ಪೋಲಿಸ್' ಎಂದರೆ ಪಟ್ಟಣ.

ಇನ್ನು ಬೆಂಗಳೂರಿಗೆ ಬರೋಣ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಗೆ ಸುತ್ತಲೂ ಮಣ್ಣಿನ ಕೋಟೆ, ಕಂದಕ, ಮುಳ್ಳಿನ ಪೊದೆ. ಹಲಸೂರು, ಯಲಹಂಕ, ಆನೇಕಲ್ಲು, ಕೆಂಗೇರಿ ಮುಂತಾದ ಊರುಗಳ ದಾರಿಗೆ ಒಂದೊಂದು ಬಾಗಿಲು. ಇಂತಹ ಪಟ್ಟಣದ ಕಾವಲೆಂದರೆ ಮುಖ್ಯವಾಗಿ ಬಾಗಿಲಿನ ಕಾವಲು. ಸಂಜೆ ಬಾಗಿಲು ಹಾಕಿದರೆ ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಪೇಟೆಯ ಒಳಗೂ ಅರಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ ಎಂದು ಕಸುಬಿನವರು ಗುಂಪುಗುಂಪಾಗಿ ನೆಲಸಿದ್ದುದರಿಂದ ಹೊಸ ಮುಖ ಕಂಡರೆ ಥಟ್ಟನೆ ಗೊತ್ತಾಗುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ ಕಾವಲಿನ ಕೆಲಸ ಕಂದಾಚಾರದವರ ಕೈಯಲ್ಲಿತ್ತು. ಇಂದು ಕಂದಾಚಾರವೆಂದರೆ ಅರ್ಥವಿಲ್ಲದ ಸಂಪ್ರದಾಯವೆಂದು ತಿಳಿಯುತ್ತೇವೆ. ಅಂದಿನ ಸರ್ಕಾರಿ ಕಾಗದಗಳಲ್ಲಿ ಅದು ಒಂದು ಇಲಾಖೆಯ ಹೆಸರು. ಕಂದಾಚಾರದ ಜವಾನ ಅರ್ಧ ಸೈನಿಕ, ಅರ್ಧ ಪೊಲೀಸು, ಉಳಿದ ಹೊತ್ತು ಬೇಸಾಯಗಾರ. ಖಜಾನೆಯ ಹಣದ ಜೊತೆಗೆ ಹೋಗಬೇಕು, ಕಂದಾಯ ಕೊಡದವನನ್ನು ಕರೆತರಬೇಕು, ಕಳ್ಳನನ್ನೂ ಹಿಡಿಯಬೇಕು. 1799ರ ತರುವಾಯ ದಿವಾನ್ ಪೂರ್ಣಯ್ಯನವರು ಈ ಪಡೆಯನ್ನು ಉಳಿಸಿಕೊಂಡು ಉಪಯೋಗಿಸಿದರು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರ ಕೈಸೇರಿದ ಮೇಲೆಯೂ, 1834ರಿಂದ 1861ರವರೆಗೆ ಕಮಿಷನರರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ, ಇದೇ ಏರ್ಪಾಡು ಮುಂದುವರಿಯಿತು. ತಾಲ್ಲೂಕಿನ ಅಮಲ್ದಾರನೇ ಕಂದಾಯ ವಸೂಲು ಮಾಡುವವನು, ಅವನೇ ಪೊಲೀಸಿನ ಮುಖಂಡ, ಸಣ್ಣಪುಟ್ಟ ಅಪರಾಧಗಳಿಗೆ ನ್ಯಾಯ ಹೇಳುವವನೂ ಅವನೇ. ತೆರಿಗೆಯ ವಿಷಯದಲ್ಲಿ ರೈತನಿಗೆ ಅಮಲ್ದಾರನಿಂದಲೇ ಅನ್ಯಾಯವಾದರೆ ಅವನು ಯಾರ ಬಳಿಗೆ ಹೋಗಬೇಕು? ಮೂರು ಬಾಗಿಲಿಗೂ ಒಂದೇ ಬೀಗ ಹಾಕಿದಂತಿತ್ತು ಆ ಸ್ಥಿತಿ.

ಹೊರಗಿನ ಲೋಕದಲ್ಲಿ ಈ ವೇಳೆಗೆ ಬದಲಾವಣೆಗಳಾಗಿದ್ದವು. ಪ್ಯಾರಿಸ್ ನಗರದಲ್ಲಿ 1667ರಲ್ಲಿಯೇ ಪೊಲೀಸಿಗೆ ಪ್ರತ್ಯೇಕ ಅಧಿಕಾರಿ ನೇಮಕವಾಗಿದ್ದನು. ಲಂಡನ್ನಿನಲ್ಲಿ 1829ರಲ್ಲಿ ರಾಬರ್ಟ್ ಪೀಲ್ ಎಂಬ ಮಂತ್ರಿ, ಸೈನ್ಯದ ಕೆಂಪು ಉಡುಪಿನಿಂದ ಬೇರೆಯಾಗಿ ಕಾಣಲೆಂದು ನೀಲಿ ಉಡುಪು ತೊಡಿಸಿ, ಸಾಧಾರಣವಾಗಿ ಬಂದೂಕಿಲ್ಲದ, ಬೀದಿ ಬೀದಿ ನಡೆದು ಕಾಯುವ ನಗರ ಪೊಲೀಸನ್ನು ಸ್ಥಾಪಿಸಿದನು. ಭಾರತಕ್ಕೆ 1861ರ ಐದನೆಯ ಅಧಿನಿಯಮದ ರೂಪದಲ್ಲಿ ಬಂದ ಪೊಲೀಸು ಇದಕ್ಕಿಂತ ಭಿನ್ನ. 1857ರ ದಂಗೆಯ ನೆನಪು ಹಸಿಯಾಗಿದ್ದ ಆ ದಿನಗಳಲ್ಲಿ ಜನರನ್ನು ಕಾಯುವುದಕ್ಕಿಂತ ಸರ್ಕಾರವನ್ನು ಕಾಯುವುದರ ಕಡೆಗೇ ಆಳುವವರ ದೃಷ್ಟಿ ಹೆಚ್ಚಾಗಿತ್ತು. ಆದರೂ ಆ ಕಾನೂನು ಒಂದು ಮುಖ್ಯವಾದ ಕೆಲಸವನ್ನು ಮಾಡಿತು: ಪೊಲೀಸನ್ನು ಕಂದಾಯದಿಂದ ಬಿಡಿಸಿ, ತನ್ನದೇ ಶ್ರೇಣಿ, ಸಂಬಳ, ಸಮವಸ್ತ್ರಗಳುಳ್ಳ ಇಲಾಖೆಯನ್ನಾಗಿಸಿತು. 1862ರಲ್ಲಿ ಕಬ್ಬನ್ನರ ತರುವಾಯ ಬಂದ ಬೌರಿಂಗರ ಕಾಲದಲ್ಲಿ ಮೈಸೂರಿನ ಆಡಳಿತವೂ ಈ ಅಚ್ಚಿಗೆ ಹೊಂದಿಕೊಳ್ಳತೊಡಗಿತು. ಕಂದಾಚಾರದ ಜವಾನನ ಸ್ಥಾನಕ್ಕೆ ಕಾನ್‌ಸ್ಟೇಬಲ್ ಬಂದನು. ದಫೇದಾರ, ಜಮಾದಾರ ಎಂಬ ಹಳೆಯ ಹೆಸರುಗಳು ಮಾತ್ರ ಜನರ ಬಾಯಲ್ಲಿ ಬಹುಕಾಲ ಉಳಿದುಕೊಂಡವು.

ಆ ಅಧಿನಿಯಮದ 34ನೆಯ ಕಲಮು ಓದುವುದಕ್ಕೆ ಸ್ವಾರಸ್ಯವಾಗಿದೆ. ಪಟ್ಟಣದ ಬೀದಿಯಲ್ಲಿ ದನವನ್ನು ಕಡಿಯುವುದು, ಕುದುರೆಯನ್ನು ಜನರ ನಡುವೆ ಅಡ್ಡಾದಿಡ್ಡಿ ಓಡಿಸುವುದು, ಮೂಕ ಪ್ರಾಣಿಯನ್ನು ಹಿಂಸಿಸುವುದು, ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದು, ಕಸ ಎಸೆಯುವುದು, ಕುಡಿದು ಗಲಭೆ ಮಾಡುವುದು, ಬಾವಿಗೆ ಕಟ್ಟೆ ಕಟ್ಟದೆ ಅಪಾಯಕರವಾಗಿ ಬಿಡುವುದು ಇವೆಲ್ಲ ಅಪರಾಧಗಳೆಂದು ಅದು ಹೇಳುತ್ತದೆ. ಹಳ್ಳಿಯಲ್ಲಿ ಇಂತಹವಕ್ಕೆ ಹಿರಿಯರ ಒಂದು ಗದರಿಕೆ ಸಾಕಾಗುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ತಿಳಿಯದ ನಗರದಲ್ಲಿ ಗದರಿಸುವ ಹಿರಿಯನಾರು? ಆ ಕೆಲಸವೂ ಪೊಲೀಸಿನವನ ಪಾಲಿಗೆ ಬಂದಿತು.

ಬೆಂಗಳೂರಿನ ಪೊಲೀಸಿಗೆ ಇದ್ದ ತೊಡಕು ಬೇರೆ ಯಾವ ಊರಿಗೂ ಅಷ್ಟಾಗಿ ಇರಲಿಲ್ಲವೆನ್ನಬಹುದು. 1809ರಲ್ಲಿ ಪೇಟೆಯ ಪೂರ್ವಕ್ಕೆ ಬ್ರಿಟಿಷರು ದಂಡನ್ನು ಸ್ಥಾಪಿಸಿದರು. ಸೈನ್ಯದ ಸುತ್ತ ವರ್ತಕರು, ಅಡಿಗೆಯವರು, ಗಾಡಿಯವರು, ಕೂಲಿಗಳು ಬಂದು ನೆಲಸಿ ಅದೇ ಒಂದು ಊರಾಯಿತು. 1881ರಲ್ಲಿ ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದಾಗ ಬ್ರಿಟಿಷರು ಈ ದಂಡು ಪ್ರದೇಶವನ್ನು ಮಾತ್ರ ತಮ್ಮ ರೆಸಿಡೆಂಟನ ಕೈಯಲ್ಲಿಯೇ ಇರಿಸಿಕೊಂಡರು. ಅಂದಿನಿಂದ 1947ರವರೆಗೆ ಅರವತ್ತಾರು ವರ್ಷಗಳ ಕಾಲ ಒಂದೇ ಹೆಸರಿನ ಊರಿನಲ್ಲಿ ಎರಡು ಆಡಳಿತಗಳು, ಎರಡು ಪುರಸಭೆಗಳು, ಎರಡು ಪೊಲೀಸು ಪಡೆಗಳು. ಪೇಟೆಯಲ್ಲಿ ಜೇಬು ಕತ್ತರಿಸಿದವನು ದಂಡಿನ ಎಲ್ಲೆಯನ್ನು ದಾಟಿದನೆಂದರೆ ಮಹಾರಾಜರ ಪೊಲೀಸಿನ ಅಧಿಕಾರ ಅಲ್ಲಿಗೆ ನಿಂತಿತು. ಮುಂದೆ ಆಚೆಯವರ ಸಹಕಾರವನ್ನು ಕೋರಬೇಕು. ಆಚೆಯಿಂದ ಈಚೆಗೆ ಬಂದವನ ವಿಷಯದಲ್ಲಿಯೂ ಹಾಗೆಯೇ. ನಮ್ಮ ತಂದೆಯವರ ಹಳ್ಳದ ಕಥೆಯೇ ಇಲ್ಲಿ ರಾಜಧಾನಿಯ ಪ್ರಮಾಣದಲ್ಲಿ ನಡೆಯುತ್ತಿತ್ತು. ಕಳ್ಳನಿಗೆ ಮಾತ್ರ ಎರಡೂ ಒಂದೇ ಊರು.

ಇತ್ತ ಪೇಟೆಯ ಕೋಟೆಯೂ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೋಡೆ ಬಿದ್ದು, ಕಂದಕ ತುಂಬಿ, ಊರು ಹೊರಗೆ ಹರಡಿತು. 1898ರಲ್ಲಿ ಪ್ಲೇಗು ಬಂದು ಸಾವಿರಾರು ಜನ ಸತ್ತ ಮೇಲೆ ಮಲ್ಲೇಶ್ವರ, ಬಸವನಗುಡಿಗಳಂತಹ ಹೊಸ ಬಡಾವಣೆಗಳು ಬೆಳೆದವು. ಬಾಗಿಲೇ ಇಲ್ಲದ ಊರನ್ನು ಬಾಗಿಲಿನಲ್ಲಿ ನಿಂತು ಕಾಯುವುದು ಹೇಗೆ? ಕಾವಲು ಬಾಗಿಲಿನಿಂದ ಬೀದಿಗೆ ಬರಬೇಕಾಯಿತು. ಬೀದಿಗಳನ್ನು ಹಂಚಿಕೊಂಡು ಗಸ್ತು ತಿರುಗುವ ಬೀಟಿನ ಪದ್ಧತಿ ಅನಿವಾರ್ಯವಾಯಿತು. ಕತ್ತಲೆಯಲ್ಲಿ ಎಣ್ಣೆಯ ದೀಪಗಳ ಮಂಕು ಬೆಳಕನ್ನು ನಂಬಿ ಗಸ್ತು ನಡೆಯುತ್ತಿದ್ದ ಕಾಲವದು. 1905ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಬೀದಿಗಳು ಬೆಳಗಿದವು. ಇತಿಹಾಸಕಾರರು ಇದನ್ನು ಕೈಗಾರಿಕೆಯ ಅಧ್ಯಾಯದಲ್ಲಿ ಬರೆಯುತ್ತಾರೆ. ಪೊಲೀಸಿನ ಅಧ್ಯಾಯದಲ್ಲಿಯೂ ಬರೆಯಬಹುದೆಂದು ನನಗೆ ತೋರುತ್ತದೆ.

ಹೊಸ ಇಲಾಖೆಯಿಂದ ಜನರಿಗೆ ನೆಮ್ಮದಿಯೂ ಬಂದಿತು, ಭಯವೂ ಬಂದಿತು. ಈ ಎರಡನೆಯದನ್ನು ಮರೆಮಾಡಬೇಕಾಗಿಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ಒಂದು ಕಾನೂನು, ಅಲೆಮಾರಿಗಳಾದ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ತಳವಾರ ಹೆಜ್ಜೆಯನ್ನು ನೋಡಿ ಕಳ್ಳನನ್ನು ಹುಡುಕುತ್ತಿದ್ದ. ಈ ಕಾನೂನು ಹೆಜ್ಜೆಯನ್ನು ನೋಡುವ ಮೊದಲೇ ಜಾತಿಯನ್ನು ನೋಡಿತು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಅದು ರದ್ದಾಯಿತು. ಇನ್ನೊಂದು ವಿಚಿತ್ರವೆಂದರೆ ಪೊಲೀಸನ್ನು ಕಟ್ಟಿದ ಸರ್ಕಾರವೇ ಅದನ್ನು ಪೂರ್ತಿಯಾಗಿ ನಂಬಲಿಲ್ಲ. ಪೊಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಾಗಿ ಉಪಯೋಗಿಸಬಾರದೆಂದು 1872ರ ಸಾಕ್ಷ್ಯ ಕಾನೂನು ವಿಧಿಸಿತು. ಹೊಡೆದು ಬಡಿದು ಒಪ್ಪಿಸುವುದುಂಟೆಂದು ಕಾನೂನು ಮಾಡಿದವರಿಗೆ ಗೊತ್ತಿತ್ತು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾನೂನಿಗೆ ಬದಲಾಗಿ ಹೊಸದು ಬಂದಿದೆ. ಈ ನಿಯಮ ಅದರಲ್ಲಿಯೂ ಉಳಿದಿದೆ. ಬಂಧಿತನಾದವನನ್ನು ಇಪ್ಪತ್ನಾಲ್ಕು ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂಬುದು ನಮ್ಮ ಸಂವಿಧಾನದ 22ನೆಯ ಅನುಚ್ಛೇದದ ಮಾತು.

ಪೊಲೀಸು ಯಾರ ಸೇವಕ ಎಂಬ ಪ್ರಶ್ನೆ ಅತ್ಯಂತ ಕಠಿಣವಾಗಿ ಎದ್ದುದು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ 1942ರ ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸು ಸಬ್‌ಇನ್‌ಸ್ಪೆಕ್ಟರರೂ ಹತರಾದರು; ಮರುವರ್ಷ ಊರಿನ ಐದು ಮಂದಿಯನ್ನು ಗಲ್ಲಿಗೇರಿಸಲಾಯಿತು. ಗಲ್ಲಿಗೇರಿದವರೂ ಕನ್ನಡಿಗರು, ಅಂದು ಸತ್ತ ಅಧಿಕಾರಿಗಳೂ ಕನ್ನಡಿಗರು. ಈಸೂರಿನ ಹುತಾತ್ಮರನ್ನು ನೆನೆಯುವಾಗ ಸರ್ಕಾರದ ಆಜ್ಞೆಗೂ ನೆಲದ ಜನಕ್ಕೂ ನಡುವೆ ಸಿಕ್ಕಿದ ಆ ಇಬ್ಬರ ಮನೆಯವರನ್ನೂ ನಾನು ನೆನೆಯುತ್ತೇನೆ.

1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದು ಕಾರ್ಪೊರೇಷನ್ ಆಯಿತು. ಊರೇನೋ ಒಂದಾಯಿತು, ಆದರೆ ಅಷ್ಟರಲ್ಲಿ ಅದು ಬೆಳೆದ ವೇಗ ಯಾರ ಎಣಿಕೆಗೂ ನಿಲುಕದಂತಿತ್ತು. ಶತಮಾನದ ಆರಂಭದಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟಿದ್ದ ಜನಸಂಖ್ಯೆ 1951ರಲ್ಲಿ ಎಂಟು ಲಕ್ಷದ ಹತ್ತಿರಕ್ಕೆ, 1961ರಲ್ಲಿ ಹನ್ನೆರಡು ಲಕ್ಷಕ್ಕೆ ಏರಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗುಗಳಿಂದ ಬಂದ ಪೊಲೀಸರು ತಮ್ಮ ತಮ್ಮ ಪ್ರಾಂತದ ಕಾನೂನು, ರೂಢಿಗಳನ್ನು ಜೊತೆಗೆ ತಂದರು. ಇವನ್ನೆಲ್ಲ ಒಂದು ಎರಕಕ್ಕೆ ತರಲು 1963ರ ಪೊಲೀಸು ಅಧಿನಿಯಮ ಬೇಕಾಯಿತು. ಅದೇ ವರ್ಷ ಬೆಂಗಳೂರಿಗೆ ಪೊಲೀಸು ಕಮಿಷನರರ ಪದ್ಧತಿ ಬಂದಿತು, ಸಿ. ಚಾಂಡಿಯವರು ಮೊದಲನೆಯ ಕಮಿಷನರು. ಜಿಲ್ಲೆಯಲ್ಲಿ ನಿಷೇಧಾಜ್ಞೆ ಮುಂತಾದವಕ್ಕೆ ಪೊಲೀಸು ಸೂಪರಿಂಟೆಂಡೆಂಟರು ಜಿಲ್ಲಾಧಿಕಾರಿಗಳನ್ನು ಅವಲಂಬಿಸಬೇಕು. ನಗರದ ಗಲಭೆ ಗಳಿಗೆಗಳ ಲೆಕ್ಕದಲ್ಲಿ ಹಬ್ಬುವುದರಿಂದ ಅಂತಹ ಅಧಿಕಾರಗಳಲ್ಲಿ ಕೆಲವು ಕಮಿಷನರರ ಕೈಯಲ್ಲಿಯೇ ಇರುತ್ತವೆ. ಕಬ್ಬನ್ನರ ಕಾಲದ ಅಮಲ್ದಾರನಂತೆ ಎರಡು ಅಧಿಕಾರಗಳು ಒಂದೇ ಕೈಗೆ ಬಂದವಲ್ಲವೇ ಎಂದು ಕೇಳುವವರೂ ಉಂಟು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆ 1963ರ ಫೆಬ್ರವರಿ 1ರಂದೇ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನೂ ಜಾರಿಗೆ ಬಂದಿತ್ತು. ವಂಶಪಾರಂಪರ್ಯವಾಗಿ ನಡೆದುಬಂದಿದ್ದ ಪಟೇಲಿಕೆ, ಶ್ಯಾನುಭೋಗಿಕೆಗಳೊಡನೆ ತಳವಾರಿಕೆಯೂ ಮುಗಿಯಿತು. ರಾಜಧಾನಿಗೆ ಕಮಿಷನರರು ಬಂದ ವರ್ಷವೇ ಹಳ್ಳಿಯಿಂದ ತಳವಾರ ಹೊರಟುಹೋದನು. ನಮ್ಮ ತೋಟದ ಮುದುಕ ಮಾತನಾಡಿದ್ದು ಇದಾದ ಕೆಲವು ವರ್ಷಗಳ ಮೇಲೆ.

ಆ ಕಳವಿನ ತರುವಾಯ ಬಹಳ ಮಳೆಗಾಲಗಳು ಕಳೆದಿವೆ. ಕಳವು ಯಾರ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಗಾದರೂ ಹೋಗಿ ದೂರು ಕೊಡಬಹುದೆಂದೂ, ಅವರು ಅದನ್ನು ಬರೆದುಕೊಳ್ಳಬೇಕೆಂದೂ 2024ರ ಜುಲೈಯಿಂದ ಜಾರಿಯಲ್ಲಿರುವ ದಂಡ ಪ್ರಕ್ರಿಯೆಯ ಹೊಸ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ಬೆಂಗಳೂರಿನಲ್ಲಿದ್ದೆ. ಅಂದು ಸಂಜೆ ಕಾರ್ಪೊರೇಷನ್ ಕಟ್ಟಡದ ಬಳಿ ನಡೆದುಹೋಗುವಾಗ 'ಹಲಸೂರು ಗೇಟ್ ಪೊಲೀಸ್ ಠಾಣೆ' ಎಂಬ ಫಲಕ ಕಣ್ಣಿಗೆ ಬಿದ್ದಿತು. ಕೆಂಪೇಗೌಡರ ಕಾಲದ ಆ ಬಾಗಿಲು ಅಲ್ಲಿಲ್ಲ, ಕೋಟೆಯೂ ಇಲ್ಲ. ಠಾಣೆಯೊಳಗೆ ಹಳ್ಳಿಯಿಂದ ಬಂದವನಂತೆ ಕಾಣುತ್ತಿದ್ದ ಒಬ್ಬ ಮುದುಕ ಬೆಂಚಿನ ಮೇಲೆ ಕುಳಿತು ಏನನ್ನೋ ಹೇಳುತ್ತಿದ್ದನು. ಎದುರಿಗೆ ಕುಳಿತ ಯುವತಿಯೊಬ್ಬಳು, ಸಮವಸ್ತ್ರದಲ್ಲಿದ್ದವಳು, ಅದನ್ನು ಬರೆದುಕೊಳ್ಳುತ್ತಿದ್ದಳು.